ವೇಷ ಕಟ್ಟುವವರ ಸ್ನೇಹಕೂಟ

1939ರ ಜುಲೈ 2. ನ್ಯೂಯಾರ್ಕ್ ನಗರದಲ್ಲಿ ಆಗ ವಿಶ್ವ ವಸ್ತುಪ್ರದರ್ಶನದ ಸಡಗರ. ಅದೇ ಊರಿನ ಕ್ಯಾರವಾನ್ ಹಾಲ್ ಎಂಬ ಸಭಾಂಗಣದಲ್ಲಿ ವೈಜ್ಞಾನಿಕ ಕಥೆಗಳ ಹುಚ್ಚು ಹಿಡಿದ ಸುಮಾರು 200 ಮಂದಿ ಸೇರಿದ್ದರು. ಬಹುಪಾಲು ಎಳೆಯ ಹುಡುಗರು. ಪತ್ರಿಕೆಗಳ ಓದುಗರ ಅಂಕಣದಲ್ಲಿ ಒಬ್ಬರ ವಿಳಾಸ ಇನ್ನೊಬ್ಬರು ನೋಡಿ, ಪತ್ರ ಬರೆದು, ಪರಸ್ಪರ ಹೆಸರು ಮಾತ್ರ ಬಲ್ಲವರು. ಎಲ್ಲರೂ ಮಾಮೂಲಿನಂತೆ ಕೋಟು, ಟೈ ಧರಿಸಿ ಬಂದಿದ್ದರು. ಅವರ ನಡುವೆ ಇಬ್ಬರು ಮಾತ್ರ ಮುಂದಿನ ಶತಮಾನದಿಂದ ಇಳಿದು ಬಂದವರಂತೆ ಕಾಣುತ್ತಿದ್ದರು. ಒಬ್ಬಾತ ಹಸಿರು ಮೇಲುಹೊದಿಕೆ ತೊಟ್ಟ 22ರ ತರುಣ ಫಾರೆಸ್ಟ್ ಆಕರ್‌ಮನ್. ಇನ್ನೊಬ್ಬಾಕೆ ಮರ್ಟಲ್ ಡಗ್ಲಸ್.

ಎಲ್ಲರೂ ಹೀಗೆಯೇ ವೇಷ ಧರಿಸಿ ಬರುತ್ತಾರೆಂದು ತಾನು ಭಾವಿಸಿದ್ದಾಗಿ ಆಕರ್‌ಮನ್ ಮುಂದೆ ಹೇಳಿಕೊಂಡ. ಬೀದಿಯಲ್ಲಿ ನಡೆದು ಹೋಗುವಾಗ ಮಕ್ಕಳು ಆತನನ್ನು ಆ ಕಾಲದ ಚಿತ್ರಪಟ್ಟಿಯ ನಾಯಕ ಬಕ್ ರೋಜರ್ಸ್ ಎಂದು ಕೂಗಿ ಹಿಂಬಾಲಿಸಿದರಂತೆ. ಇಂದು ಜಗತ್ತಿನ ದೊಡ್ಡ ನಗರಗಳಲ್ಲೆಲ್ಲ ಕಾಣುವ ಹವ್ಯಾಸಿ ವೇಷಗಾರಿಕೆಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಈ ದಿನದಿಂದಲೇ ಆರಂಭಿಸುತ್ತಾರೆ.

ಆದರೆ ಆ ವೇಷಗಳನ್ನು ಹೊಲಿದವರು ಯಾರು? ಆಕರ್‌ಮನ್ ಅಲ್ಲ. ಎರಡನ್ನೂ ಕಲ್ಪಿಸಿ, ಕತ್ತರಿಸಿ, ಹೊಲಿದವಳು ಮರ್ಟಲ್ ಡಗ್ಲಸ್. 'ಥಿಂಗ್ಸ್ ಟು ಕಮ್' ಎಂಬ 1936ರ ಚಲನಚಿತ್ರ ಮತ್ತು ಪತ್ರಿಕೆಗಳಿಗೆ ಫ್ರಾಂಕ್ ಪಾಲ್ ಬರೆಯುತ್ತಿದ್ದ ಬಣ್ಣಬಣ್ಣದ ಮುಖಪುಟ ಚಿತ್ರಗಳೇ ಆಕೆಗೆ ಮಾದರಿ. ಇಬ್ಬರೂ ಎಸ್ಪೆರಾಂಟೊ ಎಂಬ ಕೃತಕ ಭಾಷೆಯ ಅಭಿಮಾನಿಗಳು. ಆಕೆ ಬಳಗದಲ್ಲಿ 'ಮೊರೋಜೊ' ಎಂಬ ಎಸ್ಪೆರಾಂಟೊ ಅಂಕಿತದಿಂದಲೇ ಪರಿಚಿತಳು. ಇಬ್ಬರೂ ಸೇರಿ ಒಂದು ಕಿರುಪತ್ರಿಕೆಯನ್ನೂ ಹೊರಡಿಸುತ್ತಿದ್ದರು. ವೇಷ ತೊಟ್ಟ ಗಂಡಿನ ಹೆಸರು ದಶಕಗಳ ಕಾಲ ಉಳಿಯಿತು. ಹೊಲಿದ ಹೆಣ್ಣಿನ ಹೆಸರು 1964ರಲ್ಲಿ ಆಕೆ ತೀರಿಕೊಂಡ ಮೇಲೆ ಬಹುಮಟ್ಟಿಗೆ ಮರೆಯಾಯಿತು. ತನ್ನ ಉಡುಪು ಆಕೆಯ ಕೈಕೆಲಸವೆಂದು ಆಕರ್‌ಮನ್ ಸ್ವತಃ ಹೇಳುತ್ತಿದ್ದ ಎಂಬುದನ್ನು ಇಲ್ಲಿ ಮರೆಯಬಾರದು. ಕೇಳಿಸಿಕೊಳ್ಳುವವರು ಕಡಿಮೆಯಿದ್ದರು, ಅಷ್ಟೆ. ಈಗೀಗ ಇತಿಹಾಸಕಾರರು ಆಕೆಯನ್ನು ಈ ಹವ್ಯಾಸದ ತಾಯಿ ಎಂದು ಗುರುತಿಸತೊಡಗಿದ್ದಾರೆ.

ಹವ್ಯಾಸಿಗಳು ಒಬ್ಬರನ್ನೊಬ್ಬರು ಕಂಡುಕೊಳ್ಳುವ ಬಗೆಗೂ ಈ ಬಳಗದಲ್ಲೇ ಒಂದು ಸೊಗಸಾದ ಉದಾಹರಣೆಯಿದೆ. ಲಾಸ್ ಏಂಜಲೀಸ್ ಬಳಿಯ ಚಿತ್ರಮಂದಿರವೊಂದರ ಮೊಗಸಾಲೆಯಲ್ಲಿ 'ಕಿಂಗ್ ಕಾಂಗ್' ಚಿತ್ರದ ಸ್ಥಿರಚಿತ್ರಗಳನ್ನು ತೂಗುಹಾಕಿದ್ದರು. ಅವನ್ನು ನೋಡಿ ಮರುಳಾದ ರೇ ಹ್ಯಾರಿಹೌಸನ್ ಎಂಬ ಹುಡುಗ, ಒಮ್ಮೆ ಮನೆಗೆ ಒಯ್ಯಬಹುದೇ ಎಂದು ವ್ಯವಸ್ಥಾಪಕರನ್ನು ಕೇಳಿದ. ಅವು ತಮ್ಮವಲ್ಲ, ಆಕರ್‌ಮನ್ ಎಂಬಾತನಿಂದ ಎರವಲು ತಂದವು ಎಂಬ ಉತ್ತರ ಬಂತು. ಹುಡುಗ ಆಕರ್‌ಮನ್‌ನನ್ನು ಹುಡುಕಿಕೊಂಡು ಹೋದ. ಆತನ ಮೂಲಕ ಕ್ಲಿಫ್ಟನ್ಸ್ ಕೆಫೆಟೇರಿಯಾದಲ್ಲಿ ಸೇರುತ್ತಿದ್ದ ಗೆಳೆಯರ ಗುಂಪು ಸಿಕ್ಕಿತು. ಜೇಬಿನಲ್ಲಿ ಕಾಸಿಲ್ಲದವರನ್ನೂ ಹಸಿದು ಕಳಿಸದ ಹೋಟೆಲು ಅದು. ಬಡ ಹುಡುಗರು ಅಲ್ಲೇ ಸೇರುತ್ತಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಮುಂದೆ ಹೆಸರಾಂತ ಲೇಖಕನಾದ ರೇ ಬ್ರಾಡ್ಬರಿ ಕೂಡ ಆ ಮೇಜಿನಲ್ಲಿದ್ದ. ಆತ 1939ರ ಸಮ್ಮೇಳನಕ್ಕೆ ಬಸ್ಸಿನಲ್ಲಿ ಹೋದದ್ದು ಆಕರ್‌ಮನ್ ಕೊಟ್ಟ ಸಾಲದಿಂದ. 1941ರಲ್ಲಿ ಡೆನ್ವರ್ ಸಮ್ಮೇಳನಕ್ಕೆ ಮೊರೋಜೊ ಕಪ್ಪೆಮೋರೆಯ ಪ್ರಾಣಿಯ ವೇಷ ಧರಿಸಿದಾಗ ಆ ಮುಖವಾಡ ಮಾಡಿಕೊಟ್ಟವನು ಇದೇ ಹ್ಯಾರಿಹೌಸನ್. ಗೊಂಬೆಗಳಿಗೆ ತೆರೆಯ ಮೇಲೆ ಜೀವ ತುಂಬುವ ತಂತ್ರದಲ್ಲಿ ಆತ ಮುಂದೆ ಹಾಲಿವುಡ್ಡಿನ ಗುರುಸ್ಥಾನಕ್ಕೇರಿದ.

ಮೊದಲ ವರ್ಷ ಇಬ್ಬರು ಮಾಡಿದ್ದನ್ನು ಮರುವರ್ಷ ಹಲವರು ಮಾಡಿದರು. 1940ರ ಶಿಕಾಗೊ ಸಮ್ಮೇಳನದಲ್ಲಿ ವೇಷಸ್ಪರ್ಧೆಯೇ ಏರ್ಪಾಟಾಯಿತು. ಗೆದ್ದವನು ಖಳನಾಯಕ ಮಿಂಗ್‌ನ ವೇಷ ಧರಿಸಿದ್ದ ಡೇವಿಡ್ ಕೈಲ್. ಆ ಉಡುಪು ತಯಾರಿಸಿದವಳು ಲೆಸ್ಲಿ ಪೆರಿ ಎಂಬ ತರುಣಿ. ಇಲ್ಲಿಯೂ ಅದೇ ಕಥೆ ಎಂಬುದನ್ನು ಓದುಗರು ಗಮನಿಸಿರಬಹುದು.

ಸ್ಪರ್ಧೆ ಎಂದ ಮೇಲೆ ನಿಯಮ ಬೇಕು. ಈ ನಿಯಮಗಳನ್ನು ಓದುತ್ತ ಹೋದರೆ ಹವ್ಯಾಸದ ಇತಿಹಾಸವೇ ಕಣ್ಣಿಗೆ ಕಟ್ಟುತ್ತದೆ. ಏಕೆಂದರೆ ಪ್ರತಿಯೊಂದು ನಿಷೇಧದ ಹಿಂದೆಯೂ ಅದನ್ನು ಅಗತ್ಯವಾಗಿಸಿದ ಒಬ್ಬ ಮಹಾಶಯ ಇರುತ್ತಾನೆ. ಅವುಗಳಲ್ಲೆಲ್ಲ ಪ್ರಸಿದ್ಧವಾದದ್ದು 'ಕಡಲೆಕಾಯಿ ಬೆಣ್ಣೆ ಬಳಸುವಂತಿಲ್ಲ' ಎಂಬ ನಿಯಮ. 1972ರಲ್ಲಿ ಲಾಸ್ ಏಂಜಲೀಸಿನಲ್ಲಿ ವಿಶ್ವ ಸಮ್ಮೇಳನ ನಡೆದಾಗ ವ್ಯಂಗ್ಯಚಿತ್ರಕಾರ ಸ್ಕಾಟ್ ಶಾ, ಪತ್ರಿಕೆಯಲ್ಲಿ ಹೆಸರಿಸಲು ಸಂಕೋಚವಾಗುವ ತನ್ನದೇ ಪಾತ್ರವೊಂದರ ವೇಷದಲ್ಲಿ, ಮೈತುಂಬ ಕಡಲೆಕಾಯಿ ಬೆಣ್ಣೆ ಮೆತ್ತಿಕೊಂಡು ವೇದಿಕೆ ಏರಿದ. ದೀಪಗಳ ಕಾವಿಗೆ ಬೆಣ್ಣೆ ಕರಗಿ ನಾರತೊಡಗಿತು. ಹೋಟೆಲಿನ ಪೀಠೋಪಕರಣಗಳಿಗೆ ತಾಗಿತು. ಅದಕ್ಕಿಂತ ದೊಡ್ಡ ಅನಾಹುತವೆಂದರೆ ಅಕ್ಕಪಕ್ಕ ನಿಂತಿದ್ದವರ ಉಡುಪುಗಳಿಗೂ ಮೆತ್ತಿತು. ತಿಂಗಳುಗಟ್ಟಲೆ ಕುಳಿತು ಹೊಲಿದ ರೇಷ್ಮೆಯ ಮೇಲೆ ಎಣ್ಣೆಯ ಕಲೆ ಬಿದ್ದರೆ ಹೇಗಾದೀತು ಎಂಬುದನ್ನು ಹೊಲಿಗೆ ಬಲ್ಲವರು ಊಹಿಸಬಹುದು.

ಇನ್ನೊಂದು ನಿಯಮ ನಗೆಯದಲ್ಲ, ವಿವೇಕದ್ದು. 1970ರ ದಶಕದ ಕೊನೆಯ ಹೊತ್ತಿಗೆ ಸ್ಪರ್ಧೆಗಳಲ್ಲಿ ನುರಿತ ಕೈಗಳದೇ ಮೇಲುಗೈಯಾಗಿತ್ತು. ರಂಗಭೂಮಿಯಲ್ಲಿ ಪಳಗಿದವರ ಪಕ್ಕದಲ್ಲಿ ಅಮ್ಮನ ಹೊಲಿಗೆ ಯಂತ್ರದಲ್ಲಿ ಮೊದಲ ಸಲ ದಾರ ಪೋಣಿಸಿದ ಹುಡುಗಿ ನಿಲ್ಲಬೇಕು. ಒಮ್ಮೆ ನಿಂತವಳು ಮರುವರ್ಷ ಬರುತ್ತಿರಲಿಲ್ಲ. ಆದ್ದರಿಂದ 1980ರ ದಶಕದ ಆರಂಭದಲ್ಲಿ ಸ್ಪರ್ಧಿಗಳನ್ನು ಕಲಿಯುವವರು, ಪಳಗುತ್ತಿರುವವರು, ನಿಪುಣರು ಎಂದು ಮೂರು ವರ್ಗ ಮಾಡುವ ಪದ್ಧತಿ ಬಂತು. ಗೆದ್ದವನು ಮೇಲಿನ ವರ್ಗಕ್ಕೆ ಏರಬೇಕು, ಹೊಸಬರಿಗೆ ಜಾಗ ಬಿಡಬೇಕು. 1983ರ ಜನವರಿಯಲ್ಲಿ ಸ್ಯಾನ್ ಡಿಯಾಗೊದಲ್ಲಿ ವೇಷ ತಯಾರಕರದೇ ಪ್ರತ್ಯೇಕ ಸಮ್ಮೇಳನ 'ಕಾಸ್ಟ್ಯೂಮ್ ಕಾನ್' ಆರಂಭವಾಯಿತು. ಕಥೆಗಳ ಸಮ್ಮೇಳನದ ಮೂಲೆಯಲ್ಲಿ ಅತಿಥಿಗಳಾಗಿದ್ದವರು ತಮ್ಮದೇ ಮನೆ ಕಟ್ಟಿಕೊಂಡರು ಎನ್ನಬಹುದು.

ಜಪಾನಿನಲ್ಲಿ ಇದೇ ಹವ್ಯಾಸ ಬೇರೆ ಹೊಲದಲ್ಲಿ ಮೊಳೆಯಿತು. 1975ರ ಡಿಸೆಂಬರಿನಲ್ಲಿ ಟೋಕಿಯೋದಲ್ಲಿ ಹವ್ಯಾಸಿ ಚಿತ್ರಕಥೆಗಾರರ ಸಂತೆ 'ಕೊಮಿಕೆಟ್' ಆರಂಭವಾಯಿತು. ಅದು ಬೆಳೆದಂತೆ ಪಾತ್ರಗಳ ವೇಷದಲ್ಲಿ ಬರುವವರೂ ಹೆಚ್ಚಿದರು. 1978ರಲ್ಲಿ ವೈಜ್ಞಾನಿಕ ಕಥೆಗಳ ಸಮ್ಮೇಳನವೊಂದಕ್ಕೆ ಮಾರಿ ಕೊತಾನಿ ಎಂಬಾಕೆ ಮಂಗಳಗ್ರಹದ ಕಥೆಯೊಂದರ ಮುಖಪುಟ ಚಿತ್ರ ನೋಡಿ ವೇಷ ಮಾಡಿಕೊಂಡು ಹೋದರೆ, ನೋಡಿದವರು ಅದನ್ನು ದೂರದರ್ಶನದ ವ್ಯಂಗ್ಯಚಿತ್ರ ಧಾರಾವಾಹಿಯ ಪಾತ್ರವೆಂದೇ ತಿಳಿದರು. ತಪ್ಪು ತಿಳಿವಳಿಕೆಯೇ ಪ್ರಚಾರವಾಯಿತು. ಆಕೆ ಇಂದು ಜಪಾನಿನ ಗಣ್ಯ ವಿಮರ್ಶಕಿ.

ಈಗ ಎಲ್ಲೆಡೆ ಚಾಲ್ತಿಯಲ್ಲಿರುವ 'ಕಾಸ್‌ಪ್ಲೇ' ಎಂಬ ಪದವೂ ಜಪಾನಿನ ಕೊಡುಗೆ. ವೇಷ ಮತ್ತು ಆಟ ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳ ತಲೆ ಕತ್ತರಿಸಿ ಜೋಡಿಸಿದವನು ನೊಬುಯುಕಿ ತಕಹಾಶಿ. 1984ರಲ್ಲಿ ಲಾಸ್ ಏಂಜಲೀಸ್ ಸಮ್ಮೇಳನ ನೋಡಿ ಬೆರಗಾಗಿ ಆತ ಈ ಪದ ಹುಟ್ಟಿಸಿದನೆಂದು ಹಲವೆಡೆ ಬರೆದಿರುವುದುಂಟು. ಆದರೆ 1983ರಲ್ಲೇ 'ಮೈ ಅನಿಮೆ' ಎಂಬ ಜಪಾನಿ ಮಾಸಪತ್ರಿಕೆಯಲ್ಲಿ ಆ ಪದ ಅಚ್ಚಾಗಿದೆ. ಛದ್ಮವೇಷ ಕೂಟಕ್ಕೆ ಜಪಾನಿ ಭಾಷೆಯಲ್ಲಿದ್ದ ಹಳೆಯ ಪದ ಸಿರಿವಂತರ ನೃತ್ಯಕೂಟವನ್ನು ನೆನಪಿಸುತ್ತಿತ್ತು. ಮನೆಯಲ್ಲೇ ಬಟ್ಟೆ ಕತ್ತರಿಸುವ ಶಾಲಾ ಹುಡುಗರಿಗೆ ಅದು ಒಪ್ಪುವಂತಿರಲಿಲ್ಲ ಎಂಬುದು ತಕಹಾಶಿಯ ವಾದ.

ಇಂಥ ಕೂಟಗಳಲ್ಲಿ ಅಪರಿಚಿತರು ಎದುರಾದಾಗ ಮೊದಲ ಪ್ರಶ್ನೆ 'ನೀವು ಯಾರು' ಎಂಬುದಲ್ಲ. 'ಇದನ್ನು ಹೇಗೆ ಮಾಡಿದಿರಿ' ಎಂಬುದು. ಮುಕ್ಕಾಲು ಪಾಲು ಸ್ನೇಹಗಳು ಈ ಒಂದು ಪ್ರಶ್ನೆಯಿಂದ ಹುಟ್ಟುತ್ತವೆ. ಉತ್ತರವೂ ಬಹಳ ಸಲ ಬೆರಗು ಹುಟ್ಟಿಸುವಂಥದ್ದು. ದೂರದಿಂದ ಉಕ್ಕಿನ ಕವಚದಂತೆ ಹೊಳೆಯುವುದು ಅಗ್ಗದ ಚಪ್ಪಲಿ, ಶೂಗಳ ಅಟ್ಟೆಗೆ ಬಳಸುವ ಇವಿಎ ಎಂಬ ಮೆತ್ತನೆಯ ಹಾಳೆ. ಅದನ್ನು ಹರಿತವಾದ ಚಾಕುವಿನಿಂದ ಕತ್ತರಿಸಿ, ಬಿಸಿಗಾಳಿಯ ಬಂದೂಕಿನಿಂದ ಕಾಯಿಸಿ, ಮಂಡಿಯ ಮೇಲಿಟ್ಟು ಬಾಗಿಸುತ್ತಾರೆ. ಕಾವು ಆರಿದ ಮೇಲೆ ಬಾಗು ಹಾಗೆಯೇ ನಿಲ್ಲುತ್ತದೆ. ಕಾಯಿಸಿದಾಗ ಮೇಲ್ಮೈಯ ಸಣ್ಣ ರಂಧ್ರಗಳೂ ಮುಚ್ಚಿ ಬಣ್ಣ ಹಿಡಿಯಲು ಹದವಾಗುತ್ತದೆ. ಅಂಚುಗಳಿಗೆ ಚಮ್ಮಾರರು ಬಳಸುವಂಥ ಅಂಟು ಹಚ್ಚಿ, ಎರಡು ಬದಿಯೂ ಒಣಗುವವರೆಗೆ ಕಾದು ಒತ್ತಬೇಕು. ಕಾಯುವ ತಾಳ್ಮೆಯಿಲ್ಲದವರ ಕವಚ ಸಮ್ಮೇಳನದ ಬಾಗಿಲಲ್ಲೇ ಬಾಯಿ ಬಿಡುತ್ತದೆ. ಹಾಗೆ ಬಾಯಿಬಿಟ್ಟವರಿಗಾಗಿ ದೊಡ್ಡ ಸಮ್ಮೇಳನಗಳಲ್ಲಿ ಸೂಜಿ, ದಾರ, ಅಂಟು, ಪಿನ್ನು ಇಟ್ಟುಕೊಂಡು ಕುಳಿತ ಸ್ವಯಂಸೇವಕರೂ ಇರುತ್ತಾರೆ. ಹೊಸಬರಿಗೆ ನಾಲ್ಕು ಜನರ ಪರಿಚಯವಾಗುವುದು ಬಹುಮಾನ ವೇದಿಕೆಗಿಂತ ಆ ರಿಪೇರಿ ಮೇಜಿನ ಬಳಿಯೇ ಹೆಚ್ಚು.

ಆಯುಧ, ಉಪಕರಣಗಳ ಪ್ರತಿಕೃತಿ ಮಾಡುವವರದು ಇನ್ನೂ ವಿಚಿತ್ರ ಲೋಕ. ಇವರು ಅರ್ಧ ಬಡಗಿಗಳು, ಅರ್ಧ ಪತ್ತೇದಾರರು. 1977ರಲ್ಲಿ ಬಿಡುಗಡೆಯಾದ 'ಸ್ಟಾರ್ ವಾರ್ಸ್' ಚಿತ್ರದ ಬೆಳಕಿನ ಖಡ್ಗವನ್ನೇ ತೆಗೆದುಕೊಳ್ಳಿ. ಹಣದ ಬಿಗಿಯಲ್ಲಿದ್ದ ಆ ಚಿತ್ರಕ್ಕೆ ರಂಗಸಜ್ಜಿಕೆ ಹೊಂದಿಸುತ್ತಿದ್ದ ರೋಜರ್ ಕ್ರಿಶ್ಚಿಯನ್ ಲಂಡನ್ನಿನ ಕ್ಯಾಮೆರಾ ಅಂಗಡಿಯೊಂದರ ಹಳೆಯ ಪೆಟ್ಟಿಗೆಯಲ್ಲಿ ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲ್ಯಾಶ್ ಹಿಡಿಕೆಗಳನ್ನು ಕಂಡ. ಅದಕ್ಕೆ ರಬ್ಬರ್ ಪಟ್ಟಿ ಅಂಟಿಸಿದ, ಖಡ್ಗ ಸಿದ್ಧವಾಯಿತು. ಅದೇ ಚಿತ್ರದ ವೃದ್ಧ ಗುರುವಿನ ಖಡ್ಗ ಯಾವುದರಿಂದ ಆಗಿದೆ ಎಂಬುದನ್ನು ಪತ್ತೆ ಮಾಡಲು ಹವ್ಯಾಸಿಗಳಿಗೆ ವರ್ಷಗಳೇ ಹಿಡಿದವು. ಒಬ್ಬ ಮಸುಕಾದ ಛಾಯಾಚಿತ್ರ ಕಳಿಸುವುದು, ಇನ್ನೊಬ್ಬ ಗುಜರಿಯಲ್ಲಿ ಸಿಕ್ಕಿದ ಲೋಹದ ತುಂಡನ್ನು ಅದರ ಪಕ್ಕದಲ್ಲಿಟ್ಟು ಅಳೆಯುವುದು ಹೀಗೆ ನಡೆಯಿತು. ಕೊನೆಗೆ ಹೊರಬಿದ್ದ ಪಟ್ಟಿ ಇದು: ಜೆಟ್ ವಿಮಾನದ ಎಂಜಿನ್ನಿನ ಒಂದು ಕೊಳವೆ, ಮೊದಲ ಮಹಾಯುದ್ಧ ಕಾಲದ ಗ್ರೆನೇಡಿನ ಭಾಗ, ಮೆಷಿನ್‌ಗನ್ನಿನ ಮೂತಿಯ ತುಣುಕು, ಕ್ಯಾಮೆರಾದ ಹಿಡಿಪಟ್ಟಿ, ಜೊತೆಗೆ ಸ್ನಾನದ ಮನೆಯ ನಲ್ಲಿಯ ತಿರುಪು! ಇಡೀ ಬ್ರಹ್ಮಾಂಡವನ್ನು ಕಾಯುವ ಆಯುಧದ ತುದಿಯಲ್ಲಿ ನಲ್ಲಿಯ ತಿರುಪು ಇದೆಯೆಂಬುದನ್ನು ಕಂಡುಹಿಡಿದಾಗ ಆದ ಸಂತೋಷ ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಇದರಿಂದ ಒಂದು ಅಡ್ಡಪರಿಣಾಮವೂ ಆಯಿತು. ಗ್ರಾಫ್ಲೆಕ್ಸ್ ಹಿಡಿಕೆಗಳಿಗೆ ಹವ್ಯಾಸಿಗಳು ಮುಗಿಬಿದ್ದು ಬೆಲೆ ಏರಿತು. ಹಳೆಯ ಕ್ಯಾಮೆರಾ ಸಂಗ್ರಾಹಕರಿಗೆ ಇವರ ಮೇಲೆ ಮುನಿಸಿದ್ದರೆ ಅದು ಸಹಜವೇ.

ಒಂಟಿಯಾಗಿ ವೇಷ ತೊಡುವುದಕ್ಕೂ ಜೊತೆಗೊಬ್ಬ ಇರುವುದಕ್ಕೂ ಎಷ್ಟು ಅಂತರ ಎಂಬುದಕ್ಕೆ ಅಮೆರಿಕದ ದಕ್ಷಿಣ ಕೆರೊಲಿನಾದ ಆಲ್ಬಿನ್ ಜಾನ್ಸನ್ ಅನುಭವವನ್ನು ನೋಡಬೇಕು. ಕಾರು ಅಪಘಾತದ ಪರಿಣಾಮವಾಗಿ ಒಂದು ಕಾಲು ಕಳೆದುಕೊಂಡು ಕುಗ್ಗಿದ್ದ ಆತನಿಗೆ 'ಸ್ಟಾರ್ ವಾರ್ಸ್' ಚಿತ್ರದ ಬಿಳಿ ಕವಚದ ಸೈನಿಕರ ಹುಚ್ಚು ಹಿಡಿದದ್ದು 1990ರ ದಶಕದಲ್ಲಿ. ಚಿತ್ರ 1997ರಲ್ಲಿ ಮರುಬಿಡುಗಡೆಯಾದಾಗ ತಾನೇ ಜೋಡಿಸಿದ ಕವಚ ತೊಟ್ಟು ಚಿತ್ರಮಂದಿರಕ್ಕೆ ಹೋದ. ಜನ ಗೇಲಿ ಮಾಡಿದರು. ಟಾಮ್ ಕ್ರೂಸ್ ಎಂಬ ಗೆಳೆಯನೂ ಕವಚ ಮಾಡಿಕೊಂಡು ಜೊತೆಯಾದ ಮೇಲೆ ನೋಡುವವರ ದೃಷ್ಟಿಯೇ ಬೇರೆಯಾಯಿತು. (ಈತ ಹೆಸರಾಂತ ಚಿತ್ರನಟನಲ್ಲ, ಬೇರೆಯವನು.) ಒಬ್ಬನಿದ್ದರೆ ಹುಚ್ಚ, ಇಬ್ಬರಾದರೆ ಪಡೆ! ಮೂರನೆಯವನು, ನಾಲ್ಕನೆಯವನು ಎಲ್ಲಿದ್ದಾನೆ ಎಂದು ಹುಡುಕುತ್ತ ಹೋದ ಅವರ ಪ್ರಯತ್ನವೇ '501ನೇ ಪಡೆ' ಎಂಬ ಸಂಘ. ಇಂದು ಅದಕ್ಕೆ ಹಲವು ದೇಶಗಳಲ್ಲಿ 10,000ಕ್ಕೂ ಹೆಚ್ಚು ಸದಸ್ಯರಿದ್ದಾರೆ. ಸದಸ್ಯತ್ವಕ್ಕೆ ಹಣವಲ್ಲ, ಕವಚವೇ ಅರ್ಹತೆ: ಚಿತ್ರದಲ್ಲಿ ಕಂಡಂತೆಯೇ ಇದೆಯೇ ಎಂದು ಛಾಯಾಚಿತ್ರ ನೋಡಿ, ಪಟ್ಟಿ, ಬಕಲ್ಲುಗಳವರೆಗೆ ತೂಗಿ ನೋಡಿ ಒಪ್ಪುತ್ತಾರೆ. ಒಪ್ಪಿಗೆ ಸಿಗದವನಿಗೆ ಎಲ್ಲಿ ಸರಿಪಡಿಸಬೇಕೆಂದು ಹಿರಿಯ ಸದಸ್ಯರೇ ಹೇಳಿಕೊಡುತ್ತಾರೆ. ಆಸ್ಪತ್ರೆಯ ಮಕ್ಕಳ ಭೇಟಿ, ಸಹಾಯಾರ್ಥ ಮೆರವಣಿಗೆ ಇವು ಅವರ ಮುಖ್ಯ ಚಟುವಟಿಕೆ. 2007ರ ಜನವರಿ 1ರಂದು ಕ್ಯಾಲಿಫೋರ್ನಿಯಾದ ಪ್ರಸಿದ್ಧ ಗುಲಾಬಿ ಮೆರವಣಿಗೆಯಲ್ಲಿ ಚಿತ್ರದ ನಿರ್ದೇಶಕ ಜಾರ್ಜ್ ಲ್ಯೂಕಸ್ ಜೊತೆ ಈ ಪಡೆಯ ಸುಮಾರು 200 ಮಂದಿ ಹೆಜ್ಜೆ ಹಾಕಿದರು. ಕೂಲಿ ಪಡೆದ ನಟರಲ್ಲ, ತಮ್ಮ ಕೈಯಾರೆ ಕವಚ ಮಾಡಿಕೊಂಡು ಬಂದವರು.

ಈ ಪರಿಚಯಗಳು ಕೇವಲ ಆಟವಲ್ಲ ಎಂಬುದು 2005ರಲ್ಲಿ ತಿಳಿಯಿತು. ಜಾನ್ಸನ್‌ನ ಪುಟ್ಟ ಮಗಳಿಗೆ ಮೆದುಳಿನ ಗಡ್ಡೆಯಾಯಿತು, ವಾಸಿಯಾಗುವಂಥದ್ದಲ್ಲ. ಚಿತ್ರದಲ್ಲಿ ಮಲಗಿದ ನಾಯಕಿಯನ್ನು ಆರ್2-ಡಿ2 ಎಂಬ ಗುಂಡಗಿನ ಯಂತ್ರ ಕಾಯುವಂತೆ ತನ್ನನ್ನೂ ಒಂದು ಯಂತ್ರ ಕಾಯಬೇಕು ಎಂಬುದು ಆ ಮಗುವಿನ ಆಸೆ. ಈ ಯಂತ್ರಗಳನ್ನು ಮನೆಯ ಶೆಡ್ಡುಗಳಲ್ಲಿ ತಯಾರಿಸುವ ಹವ್ಯಾಸಿಗಳ ಬೇರೊಂದು ಬಳಗವಿತ್ತು. ಜಾನ್ಸನ್ ಅವರಿಗೆ ತಿಳಿಸಿದ. ಗುಲಾಬಿ ಬಣ್ಣದ ಯಂತ್ರ ಮಾಡೋಣ, ಕೇಟಿ ಎಂಬ ಹೆಸರು ಬರುವಂತೆ 'ಆರ್2-ಕೆಟಿ' ಎಂದು ಕರೆಯೋಣ ಎಂದು ನಿಶ್ಚಯವಾಯಿತು. ಆದರೆ ಇಂಥದೊಂದು ಯಂತ್ರ ಹೊಸದಾಗಿ ಸಿದ್ಧವಾಗಲು ತಿಂಗಳುಗಳೇ ಬೇಕು. ಮಗುವಿಗೆ ಅಷ್ಟು ದಿನ ಉಳಿದಿರಲಿಲ್ಲ. ಬಳಗದವನೊಬ್ಬ ಇದ್ದ ಯಂತ್ರವೊಂದಕ್ಕೇ ಗುಲಾಬಿ ಬಣ್ಣ ಬಳಿದು ಕಳಿಸಿಕೊಟ್ಟ. ಜುಲೈಯಲ್ಲಿ ಅದು ಮನೆ ತಲುಪಿತು. ಮಗು ಅದನ್ನು ತಬ್ಬಿಕೊಂಡಿತು. ಆಗಸ್ಟಿನಲ್ಲಿ ತೀರಿಕೊಂಡಿತು. ಪೂರ್ಣ ಪ್ರಮಾಣದ ಆರ್2-ಕೆಟಿ ಆಮೇಲೆ ಸಿದ್ಧವಾಯಿತು. ಅದು ಈಗಲೂ ಮಕ್ಕಳ ಆಸ್ಪತ್ರೆಗಳ ಸಹಾಯಾರ್ಥ ಕಾರ್ಯಕ್ರಮಗಳಿಗೆ ಹೋಗುತ್ತದೆ. 2015ರ 'ದಿ ಫೋರ್ಸ್ ಅವೇಕನ್ಸ್' ಚಿತ್ರದಲ್ಲಿ ಅದು ಅರೆಕ್ಷಣ ಕಾಣಿಸಿಕೊಳ್ಳುತ್ತದೆ. ಆ ಚಿತ್ರಕ್ಕೆ ಆರ್2-ಡಿ2 ತಯಾರಿಸಲು ಸಂಸ್ಥೆ ನೇಮಿಸಿಕೊಂಡದ್ದು ಲೀ ಟವರ್ಸಿ ಮತ್ತು ಆಲಿವರ್ ಸ್ಟೀಪಲ್ಸ್ ಎಂಬ ಇಬ್ಬರು ಬ್ರಿಟಿಷ್ ಹವ್ಯಾಸಿಗಳನ್ನೇ. ನಿರ್ಮಾಪಕಿ ಕ್ಯಾಥ್ಲೀನ್ ಕೆನಡಿ 2013ರಲ್ಲಿ ಜರ್ಮನಿಯ ಅಭಿಮಾನಿ ಸಮ್ಮೇಳನದಲ್ಲಿ ಅವರ ಕೆಲಸ ನೋಡಿದ್ದರು.

ಎಲ್ಲವೂ ಇಷ್ಟು ಸೌಹಾರ್ದವೇ ಎಂದರೆ, ಅಲ್ಲ. ಈ ಬಳಗಗಳಲ್ಲಿ ಕ್ಷಮೆಯಿಲ್ಲದ ಒಂದು ಅಪರಾಧವಿದೆ. ಒಬ್ಬ ವರ್ಷಗಟ್ಟಲೆ ಅಳತೆ ತೆಗೆದು, ಜೇಡಿಯಲ್ಲಿ ತಿದ್ದಿ, ಸಿಲಿಕೋನ್ ಅಚ್ಚು ಮಾಡಿ ಒಂದು ಶಿರಸ್ತ್ರಾಣ ಎರಕ ಹೊಯ್ಯುತ್ತಾನೆ. ಗೆಳೆಯರಿಗೆ ಖರ್ಚಿನ ದರಕ್ಕೆ ಕೊಡುತ್ತಾನೆ. ಕೊಂಡವರಲ್ಲೊಬ್ಬ ಅದರ ಮೇಲೆಯೇ ಮತ್ತೊಂದು ಅಚ್ಚು ತೆಗೆದು, ನೂರು ಪ್ರತಿ ಮಾಡಿ ಮಾರಿಕೊಳ್ಳುತ್ತಾನೆ. ಹೀಗೆ ಮಾಡಿದವನನ್ನು ಬಳಗದಿಂದ ಹೊರಹಾಕುವುದಷ್ಟೇ ಉಳಿದ ದಾರಿ. ಕೋರ್ಟಿಗೆ ಹೋಗೋಣವೆಂದರೆ ಮೂಲ ವಿನ್ಯಾಸವೇ ಚಿತ್ರಸಂಸ್ಥೆಯದು! ತನ್ನದಲ್ಲದ ಆಸ್ತಿಯ ಮೇಲೆ ತನ್ನ ಬೆವರು ಸುರಿಸಿದವನ ಹಕ್ಕು ಎಷ್ಟು ಎಂಬ ಈ ಪ್ರಶ್ನೆಗೆ ಬಳಗದ ಬಳಿ ನೀತಿಯ ಉತ್ತರವಿದೆಯೇ ಹೊರತು ಕಾನೂನಿನ ಉತ್ತರವಿಲ್ಲ.

ಕಾನೂನು ಈ ಲೋಕಕ್ಕೆ ಒಮ್ಮೆ ಕಾಲಿಟ್ಟದ್ದೂ ಕುತೂಹಲಕರ. 1976ರಲ್ಲಿ ಚಿತ್ರಕ್ಕಾಗಿ 50 ಬಿಳಿ ಶಿರಸ್ತ್ರಾಣಗಳನ್ನು ತಯಾರಿಸಿಕೊಟ್ಟ ಇಂಗ್ಲೆಂಡಿನ ಆಂಡ್ರ್ಯೂ ಏನ್ಸ್‌ವರ್ತ್ ದಶಕಗಳ ನಂತರ ಅದೇ ಮಾದರಿಯ ಪ್ರತಿಗಳನ್ನು ಮಾರತೊಡಗಿದ. ಲ್ಯೂಕಸ್‌ನ ಸಂಸ್ಥೆ ಮೊಕದ್ದಮೆ ಹೂಡಿತು. ಅಮೆರಿಕದ ನ್ಯಾಯಾಲಯ 2006ರಲ್ಲಿ ಸಂಸ್ಥೆಗೆ 2 ಕೋಟಿ ಡಾಲರ್ ಪರಿಹಾರ ವಿಧಿಸಿತು. ಬ್ರಿಟನ್ನಿನಲ್ಲಿ ವಾದ ನಿಂತದ್ದು ಒಂದೇ ಪದದ ಮೇಲೆ: ಶಿರಸ್ತ್ರಾಣ ಶಿಲ್ಪವೇ? ಶಿಲ್ಪವಾದರೆ ದೀರ್ಘಾವಧಿಯ ಕೃತಿಸ್ವಾಮ್ಯ, ಅಲ್ಲವಾದರೆ ಇಲ್ಲ. 2011ರ ಜುಲೈ 27ರಂದು ಅಲ್ಲಿನ ಸುಪ್ರೀಂ ಕೋರ್ಟು ಅದು ಶಿಲ್ಪವಲ್ಲ ಎಂದು ತೀರ್ಪಿತ್ತಿತು. ಕಲಾಕೃತಿ ಎನ್ನಬೇಕಾದದ್ದು ಚಲನಚಿತ್ರವನ್ನು. ಶಿರಸ್ತ್ರಾಣ ಅದರ ತಯಾರಿಯಲ್ಲಿ ಬಳಸಿದ ಉಪಕರಣ ಎಂಬುದು ತೀರ್ಪಿನ ಧಾಟಿ. ಆದರೆ ಅಮೆರಿಕದ ಹಕ್ಕುಗಳ ಉಲ್ಲಂಘನೆಯನ್ನು ಇಂಗ್ಲೆಂಡಿನಲ್ಲೇ ವಿಚಾರಿಸಬಹುದೆಂದೂ ಅದೇ ತೀರ್ಪು ಹೇಳಿದ್ದರಿಂದ ಏನ್ಸ್‌ವರ್ತ್ ಪೂರ್ತಿ ಗೆದ್ದನೆಂದು ಹೇಳುವಂತಿಲ್ಲ. ವೇಷಗಾರರಿಗಂತೂ ಉಪಕರಣ ಎಂಬ ಮಾತು ರುಚಿಸಲಿಲ್ಲ.

ಇನ್ನೊಂದು ಕಹಿ ಹೆಣ್ಣುಮಕ್ಕಳದು. ವೇಷ ತೊಟ್ಟವಳನ್ನು ಕೇಳದೆ ಮುಟ್ಟಬಹುದು, ಕೇಳದೆ ಚಿತ್ರ ತೆಗೆಯಬಹುದು ಎಂದು ತಿಳಿದವರು ಎಲ್ಲ ದೇಶಗಳಲ್ಲೂ ಇದ್ದಾರೆ. ವೇಷ ತೊಡುವುದು ಒಪ್ಪಿಗೆಯಲ್ಲ ಎಂಬ ಫಲಕಗಳನ್ನು ನ್ಯೂಯಾರ್ಕ್ ಕಾಮಿಕ್ ಕಾನ್ 2014ರಲ್ಲಿ ದೊಡ್ಡ ಅಕ್ಷರಗಳಲ್ಲಿ ನಿಲ್ಲಿಸಬೇಕಾಯಿತು.

ವೇಷ ಕಟ್ಟುವುದು ಕನ್ನಡ ನಾಡಿಗೆ ಹೊಸತೇನಲ್ಲ. ಕರಾವಳಿಯ ಬಣ್ಣದ ವೇಷಧಾರಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿಯ ಮುಳ್ಳುಗಳನ್ನು ಒಂದೊಂದಾಗಿ ಇಡುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಹಗುರ ಮರದ ಕಿರೀಟ, ಭುಜಕೀರ್ತಿಗಳಿಗೆ ಬೇಗಡೆ, ಕನ್ನಡಿ ಚೂರು ಕೂರಿಸುವ ಕುಶಲಿಗಳು ಈಗಲೂ ಇದ್ದಾರೆ. ಆದರೆ ಅಲ್ಲಿ ವಿದ್ಯೆ ಬರುವುದು ಗುರುವಿನಿಂದ, ಮನೆತನದಿಂದ, ಚೌಕಿಯ ಒಡನಾಟದಿಂದ. ಹವ್ಯಾಸಿ ತಂಡಗಳೂ ಬಹುಮಟ್ಟಿಗೆ ವೇಷಭೂಷಣವನ್ನು ಬಾಡಿಗೆಗೆ ತರುತ್ತವೆ. ಗುರುವಿಲ್ಲದೆ, ಮನೆತನವಿಲ್ಲದೆ, ತನ್ನಂಥ ಇನ್ನೊಬ್ಬನನ್ನು ಹುಡುಕಿಕೊಂಡು ಹೋಗಿ ಕಲಿಯುವ ಬಗೆ ಬೆಂಗಳೂರಿಗೆ ಬಂದದ್ದು ಕಾಮಿಕ್ ಕಾನ್ ಮೂಲಕ. ದೆಹಲಿಯಲ್ಲಿ 2011ರಲ್ಲಿ ಆರಂಭವಾದ ಆ ಮೇಳ ಮರುವರ್ಷ ಬೆಂಗಳೂರಿಗೂ ಬಂತು. ಅಲ್ಲಿಗೆ ಬರುವ ಹುಡುಗ ಹುಡುಗಿಯರು ಬಿಸಿಗಾಳಿಯ ಬಂದೂಕನ್ನು ಹಾರ್ಡ್‌ವೇರ್ ಅಂಗಡಿಗಳಲ್ಲಿ, ಇವಿಎ ಹಾಳೆಯನ್ನು ಪಾದರಕ್ಷೆ ಸಾಮಗ್ರಿ ಮಾರುವಲ್ಲಿ, ಜರಿ, ಗುಂಡಿಗಳನ್ನು ಚಿಕ್ಕಪೇಟೆಯ ಗಲ್ಲಿಗಳಲ್ಲಿ ಹುಡುಕಿ ತರುತ್ತಾರೆ. ಯಾವ ಸಾಮಾನು ಯಾವ ಅಂಗಡಿಯಲ್ಲಿ ಅಗ್ಗ ಎಂಬ ಮಾಹಿತಿಯೇ ಅಲ್ಲಿ ಹೊಸ ಪರಿಚಯಕ್ಕೆ ಮೊದಲ ಉಡುಗೊರೆ.